ಗುಡಿಸಿಟ್ಟ ಅಂಗಳಕ್ಕೆ ‘ಖಾಲಿ ಜಾಗ’ ಎಂಬ ಷರಾ

ಕೌಂಟಿಯ ಹಾನಿ ಸಮೀಕ್ಷಾಧಿಕಾರಿಗಳಾದ ಮಾನ್ಯರೇ,

ಏಪ್ರಿಲ್ ಇಪ್ಪತ್ತೇಳರ ಶನಿವಾರ ಸಂಜೆ ಸುಂಟರಗಾಳಿ ನಮ್ಮ ಮನೆಯನ್ನು ಹೊತ್ತುಕೊಂಡು ಹೋಯಿತು. ಒಂಬತ್ತು ದಿನದ ಮೇಲೆ ತಾವು ಬಂದು ‘ಖಾಲಿ ಜಾಗ, ಹಾನಿ ಇಲ್ಲ’ ಎಂದು ಬರೆದುಕೊಂಡು ಹೋದಿರಿ. ಗಾಳಿ ಒಯ್ದದ್ದು ಸೂರು, ತಾವು ಅಳಿಸಿದ್ದು ಅದರ ಹೆಸರು. ಯಾರ ಕೆಲಸ ಹೆಚ್ಚು ಅಚ್ಚುಕಟ್ಟಾಗಿತ್ತು ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಆ ಷರಾದ ದಯೆಯಿಂದ ನಾನೂ ನನ್ನ ಹೆಂಡತಿ ಮಾರ್ಲಾಳೂ ಸೆಪ್ಟೆಂಬರ್ ಬಂದರೂ ನೆಲಮಾಳಿಗೆಯಲ್ಲೇ ಇದ್ದೇವೆ. ಗಾಳಿ ದಾಟುವ ತನಕ ಬಚ್ಚಿಟ್ಟುಕೊಳ್ಳಲೆಂದು ನಮ್ಮಜ್ಜ ತೋಡಿಸಿದ ಗುಂಡಿ ಅದು. ಎಂಟಡಿ ಅಗಲ, ಹತ್ತಡಿ ಉದ್ದ, ಒಂದು ಗೋಡೆಯ ತುಂಬ ಪೀಚ್ ಹಣ್ಣಿನ ಬಾಟಲಿಗಳು. ಮೇಲೆ ಗಾಲಿಮನೆಯೊಂದನ್ನು ತಂದು ನಿಲ್ಲಿಸಲು ಕೌಂಟಿ ಕಚೇರಿಯಲ್ಲಿ ಅನುಮತಿ ಕೇಳಿದೆವು. ‘ಹೊಲದ ನಡುವಿನ ಖಾಲಿ ಜಾಗದಲ್ಲಿ ಹೊಸ ವಾಸಕ್ಕೆ ಅವಕಾಶವಿಲ್ಲ, ಇದ್ದ ಮನೆ ನಾಶವಾಗಿದ್ದರೆ ಮಾತ್ರ ಉಂಟು, ನಾಶವಾಗಿದ್ದರೆ ಕೆಂಪು ಚೀಟಿ ತನ್ನಿ’ ಎಂದರು. ಕೆಂಪು ಚೀಟಿ ಕೊಡುವವರು ತಾವು. ನಮ್ಮ ಮನೆ ಇರಲೇ ಇಲ್ಲ ಎನ್ನುವವರೂ ತಾವೇ.

ತಪ್ಪು ನಮ್ಮದೂ ಇದೆ, ಒಪ್ಪಿಕೊಳ್ಳುತ್ತೇನೆ. ಕಾನ್ಸಾಸ್‌ನ ಈ ಮೂಲೆಯಲ್ಲಿ ಪಕ್ಕದವನ ಕಸ ರಸ್ತೆಗೆ ಕಂಡರೆ ನಮ್ಮವರಿಗೆ ಊಟ ಸೇರುವುದಿಲ್ಲ. ಭಾನುವಾರ ಪ್ರಾರ್ಥನೆ ಮುಗಿದದ್ದೇ ತಡ, ಅರವತ್ತು ಜನ ಟ್ರ್ಯಾಕ್ಟರು, ಗರಗಸ, ಗುದ್ದಲಿ ಸಮೇತ ನಮ್ಮ ಅಂಗಳಕ್ಕೆ ಇಳಿದರು. ಎಂಬತ್ತು ದಾಟಿದ ಸೆಲ್ಮಾ ಶ್ರಾಗ್ ಅಜ್ಜಿ ಹಗ್ಗಕ್ಕೆ ಆಯಸ್ಕಾಂತ ಕಟ್ಟಿ ಎಳೆಯುತ್ತ ಮೊಳೆ ಹೆಕ್ಕುತ್ತಿದ್ದರು. ನಾನು ಮೆಲ್ಲಗೆ ಅಂದೆ:

“ಅಜ್ಜಿ, ಸರ್ವೆಯವರು ಬಂದು ನೋಡ್ಲಿ, ಆಮೇಲೆ ತೆಗೆಯೋಣ.”

“ಅಯ್ಯೋ ಗ್ಯಾಲೆನ್, ದೊಡ್ಡೋರು ಬರ್ತಾರೆ ಅಂತ ಗೊತ್ತಿದ್ದೂ ಗುಡಿಸದೆ ಬಿಡ್ತಾರೇನೋ? ನಿಮ್ಮಮ್ಮ ಇದ್ದಿದ್ರೆ ಕಿವಿ ಹಿಂಡಿರೋಳು!”

ಅವರ ಮಾತಿಗೆ ಎದುರಾಡಿದವರು ಈ ಸುತ್ತಿನಲ್ಲಿ ಯಾರೂ ಇಲ್ಲ. ಮರದ ತುಂಡೆಲ್ಲ ಸುಟ್ಟರು, ತಗಡು ಸಾಗಿಸಿದರು, ಮಕ್ಕಳು ಎಡವಿಯಾರೆಂದು ಬುನಾದಿಯ ಕಲ್ಲನ್ನೂ ಕಿತ್ತು ಸಾಗಿಸಿದರು. ಕೊನೆಗೆ ಕುಂಟೆ ಹೊಡೆದು ಹುಲ್ಲಿನ ಬೀಜ ಚೆಲ್ಲಿದರು. ತಾವು ಬರುವ ಹೊತ್ತಿಗೆ ಹಸಿರು ಚಿಗುರಿತ್ತು. ತಮ್ಮ ಗೌರವಾರ್ಥ ನಾವು ಮಾಡಿದ್ದು, ಮಾನ್ಯರೇ.

ತಾವು ವಾಹನದಿಂದ ಇಳಿಯಲಿಲ್ಲ. ಗಾಜು ಇಳಿಯಿತು.

“ಮನೆ ಎಲ್ರೀ?”

“ಇಲ್ಲೇ ಇತ್ತು ಸಾರ್. ಆ ಹುಲ್ಲಿದೆಯಲ್ಲ, ಅಲ್ಲಿ.”

“ಹುಲ್ಲಿಗೆ ನನ್ನ ಹತ್ರ ಕಾಲಂ ಇಲ್ಲ. ಚೀಟಿ ಅಂಟಿಸೋಕೆ ಒಂದು ಬಾಗಿಲಾದ್ರೂ ಬೇಡ್ವೇನ್ರೀ?”

ಮಾರ್ಲಾ ತಮಗೆ ಎಲೆಕೋಸೂ ಮಾಂಸವೂ ತುಂಬಿದ ಬನ್ನು ಕೊಟ್ಟಳು. ಬನ್ನು ತಿಂದಿರಿ, ಚೆನ್ನಾಗಿದೆಯೆಂದಿರಿ, ಬರೆದಿರಿ, ಹೊರಟಿರಿ.

ನಮ್ಮಿಂದ ಒಂದು ಮೈಲಿ ಆಚೆ ಎಡಿಗರ್ ಎಂಬುವರಿದ್ದಾರೆ. ಎಲ್ಲರೊಡನೆ ಜಗಳವಾಡಿಕೊಂಡಿರುವುದರಿಂದ ಅವರ ಅಂಗಳಕ್ಕೆ ಯಾರೂ ಕಾಲಿಡುವುದಿಲ್ಲ. ಬಿದ್ದದ್ದು ಬಿದ್ದಲ್ಲೇ ಇತ್ತು. ಅವರ ಕೋಳಿಗೂಡಿಗೆ ತಾವು ‘ನಾಶ’ ಎಂದು ಕೆಂಪು ಚೀಟಿ ದಯಪಾಲಿಸಿದ್ದೀರಿ. ಕೋಳಿಗಳಿಗೆ ನನ್ನ ಅಭಿನಂದನೆಗಳು. ನೆರೆಹೊರೆ ಇದ್ದವನಿಗೆ ಬರೆ, ಇಲ್ಲದವನಿಗೆ ಮರೆ. ಇದು ಯಾವ ನಿಯಮದ ಯಾವ ಕಲಮು?

ಮೇಲ್ಮನವಿಗೆಂದು ತಮ್ಮ ಕಚೇರಿಗೆ ಮೂರು ಸಲ ಬಂದೆ. ಮನೆಯ ಫೋಟೋ ಕೇಳಿದರು. ಫೋಟೋಗಳು ಮನೆಯೊಳಗಿದ್ದವು. ದೇವರು ದೊಡ್ಡವನು, ನಮ್ಮ ಮದುವೆಯ ಫೋಟೋವೊಂದು ಮೂವತ್ತು ಮೈಲಿ ದೂರದ ಗೋಧಿ ಹೊಲದಲ್ಲಿ ಯಾರಿಗೋ ಸಿಕ್ಕಿ ಅಂಚೆಯಲ್ಲಿ ಬಂತು. ನಮ್ಮಿಬ್ಬರ ಹಿಂದೆ ಮನೆಯ ಜಗಲಿ ಕಾಣುತ್ತದೆ. ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಹೆಂಡ್ತಿ ಇದ್ದಾರೆ ಅಂತ ಗೊತ್ತಾಗುತ್ತೆ ಸ್ವಾಮಿ. ಮನೆ ನಿಮ್ದೇ ಅಂತ ಹೆಂಗೆ ಹೇಳೋದು?” ಅಂದರು. ಅರವತ್ತು ಜನ ಸಾಕ್ಷಿಗಳಿದ್ದಾರೆ ಎಂದೆ. “ಅವರೇ ಅಲ್ವಾ ಸಾಕ್ಷ್ಯ ಸುಟ್ಟೋರು?” ಎಂದರು.

ಇಷ್ಟೇ ಆಗಿದ್ದರೆ ನಾನು ಬಹಿರಂಗವಾಗಿ ಬರೆಯುತ್ತಿರಲಿಲ್ಲ. ಜೂನ್ ಹನ್ನೊಂದರ ಬೆಳಗಿನ ಜಾವ ಇನ್ನೊಂದು ಸುಂಟರಗಾಳಿ ಬಂತು. ಹಾರ್ಲನ್ ಗೋರ್ಟ್ಸ್‌ನ ಕೊಟ್ಟಿಗೆ ಬಿತ್ತು. ನಾವು ಟ್ರ್ಯಾಕ್ಟರು ತೆಗೆದುಕೊಂಡು ಓಡಿದೆವು. ಹಾರ್ಲನ್ ಗೇಟಿಗೆ ಅಡ್ಡ ನಿಂತಿದ್ದ. ನನ್ನ ಮನೆಯ ಕಸ ಹೊರಲು ಮೊದಲು ಬಂದವನು ಅವನೇ.

“ಮುಟ್ಬೇಡ್ರಪ್ಪಾ, ಕೈ ಮುಗೀತೀನಿ. ಸರ್ವೆ ಆಗ್ಲಿ. ಗ್ಯಾಲೆನ್‌ಗೆ ಆದ ಗತಿ ನನಗೆ ಬೇಡ.”

ತಗಡಿನ ಅಡಿಯಿಂದ ಕರುವೊಂದು ಕೂಗುತ್ತಿತ್ತು.

“ಮಾರಾಯ, ಕರು ಕಣೋ!” ಎಂದೆ.

“ಕೇಳಿಸ್ತಿದೆ. ಒಂದು ತಗಡು ಎತ್ತಿದ್ರೆ ಹಾನಿ ದರ್ಜೆ ಇಳಿಯುತ್ತೇನೋ ಅಂತ ಕೇಳೋಕೆ ಕಚೇರಿಗೆ ಫೋನ್ ಮಾಡ್ತಿದೀನಿ, ಅಲ್ಲಿ ಯಾರೂ ಫೋನ್ ಎತ್ತುತ್ತಾ ಇಲ್ಲ.”

ಮಧ್ಯಾಹ್ನದವರೆಗೂ ಅವನು ಫೋನು ಮಾಡಿದ. ಮಧ್ಯಾಹ್ನದವರೆಗೂ ನಾವು ಹದಿನಾಲ್ಕು ಗಂಡಸರು ರಸ್ತೆಯಲ್ಲಿ ನಿಂತೆವು. ಕೊನೆಗೆ ಅವನ ಹೆಂಡತಿ ಎರಡೂ ಕಡೆಯವರನ್ನು, ಅಂದರೆ ನಮ್ಮನ್ನೂ ತಮ್ಮನ್ನೂ, ಬೈದು ತಾನೇ ಹೋಗಿ ತಗಡು ಎತ್ತಿದಳು. ಆಗ ಕರು ಕೂಗುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ನನ್ನ ಊರಿನವರು ಹಾಗೆ ಕೈ ಕಟ್ಟಿ ನಿಂತದ್ದನ್ನು ನಲವತ್ತಾರು ವರ್ಷದಲ್ಲಿ ನಾನು ಕಂಡಿರಲಿಲ್ಲ. ಇದನ್ನು ಯಾವ ಕಾಲಮಿನಲ್ಲಿ ಬರೆದುಕೊಳ್ಳುತ್ತೀರಿ?

ಈಗ ಮಾರ್ಲಾಳ ವಿಷಯ. ಕೆಳಗಿನ ತೇವಕ್ಕೆ ಅವಳಿಗೆ ಉಬ್ಬಸ ಹಿಡಿದಿದೆ. ಚಳಿಗಾಲವನ್ನು ಅಲ್ಲಿ ಕಳೆಯಬಾರದೆಂದು ವೈದ್ಯರು ಹೇಳಿದ್ದಾರೆ. ಅದಕ್ಕಿಂತ ನನ್ನನ್ನು ಹೆದರಿಸುವುದು ಬೇರೆ. ಮೊದಮೊದಲು ಬೆಳಗಾದರೆ ಮೇಲೆ ಬಂದು ಕೂರುತ್ತಿದ್ದಳು. ಈಗ ಬರುತ್ತಿಲ್ಲ. ಮೊನ್ನೆ ಮೋಡವೇ ಇಲ್ಲದ ದಿನ, “ಬಾರೇ, ಬಿಸಿಲು ಚೆನ್ನಾಗಿದೆ” ಎಂದು ಕರೆದೆ. ಕತ್ತಲಿನಿಂದ ಉತ್ತರ ಬಂತು:

“ಮೇಲೆ ಏನಿದೆ ಅಂತ ಬರ್ಲಿ? ಏನೂ ಇಲ್ಲ ಅಂತ ಅವರೇ ಬರೆದಿದಾರಲ್ಲ.”

ಮನೆ ಕಟ್ಟಿಕೊಡಿ ಎಂದು ಕೇಳಲು ನಾನು ಇದನ್ನು ಬರೆಯುತ್ತಿಲ್ಲ. ಮರ ಹಾರ್ಲನ್‌ನ ಶೆಡ್ಡಿನಲ್ಲಿ ಕೊಯ್ದು ಒಟ್ಟಿದೆ, ಕಟ್ಟುವ ಕೈಗಳು ಸಿದ್ಧವಾಗಿವೆ. ತಮ್ಮಿಂದ ‘ನಾಶ’ ಎಂಬ ಒಂದು ಪದ ಬೇಕು. ಗುಡಿಸಿದ ಅಂಗಳಗಳ ಸಮೀಕ್ಷೆಯನ್ನು ಮತ್ತೆ ಮಾಡಿ. ನೆರೆಯವರ ಮಾತನ್ನು ಸಾಕ್ಷ್ಯವೆಂದು ಒಪ್ಪಿ. ಮೊದಲ ಹಿಮ ಬೀಳುವ ಮುನ್ನ ನಮ್ಮಲ್ಲಿಗೆ ಬನ್ನಿ. ಈ ಸಲ ವಾಹನದಿಂದ ಇಳಿಯಿರಿ. ಇನ್ನೂ ಒಂಬತ್ತು ಮೆಟ್ಟಿಲು ಇಳಿಯಿರಿ. ಬಾಗಿಲು ಎಳೆದುಕೊಂಡು, ಮಾರ್ಲಾಳ ಪಕ್ಕದ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು, ಅವಳು ಉಸಿರೆಳೆಯುವುದನ್ನು ಕೇಳಿಸಿಕೊಳ್ಳಿ. ಆಮೇಲೆ ‘ಹಾನಿ ಇಲ್ಲ’ ಎಂದು ಇನ್ನೊಮ್ಮೆ, ಅವಳೆದುರೇ, ಬರೆಯಿರಿ.

ಇಂತಿ,
ತಮ್ಮ ಕಾಗದದ ಪ್ರಕಾರ ಎಲ್ಲಿಯೂ ವಾಸವಿಲ್ಲದ,
ಗ್ಯಾಲೆನ್ ಉನ್ರು