ಮೂರನೆಯ ಸಿಟ್ಟಿಂಗ್ ಆದ ಮೇಲೆ

ಸಾಂಗ್ಲಿ,
೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಗಳೇ, ಸುಖದಾ,

ಕೆಮ್ಮು ಹೋಯಿತೇ? ಧಾರವಾಡದಲ್ಲಿ ಮಳೆ ಇನ್ನೂ ಬಿಟ್ಟಿಲ್ಲವೆಂದು ಕೇಳಿದೆ. ಹಾಸ್ಟೆಲಿನ ಗೀಸರ್ ರಿಪೇರಿ ಆಗುವವರೆಗೆ ತಣ್ಣೀರಲ್ಲಿ ತಲೆ ತೊಳೆಯಬೇಡ ಎಂದು ಬರೆಯಹೊರಟು ಪೆನ್ನು ತಡೆದೆ. ನಿನ್ನ ತಲೆಯ ಬಗ್ಗೆ ನಾನು ಸಾಕಷ್ಟು ಹೇಳಿಯಾಗಿದೆ. ಮೆಸೇಜುಗಳನ್ನು ನೀನು ತೆರೆಯುತ್ತಿಲ್ಲ, ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಕನ್ನಡ ಇದು. ಅಜ್ಜಿ ನಿನಗೆ ಕಲಿಸಿದ್ದೇ ಇದಕ್ಕಿಂತ ಚೆನ್ನಾಗಿದೆ, ತಪ್ಪು ಕಂಡರೆ ನಕ್ಕುಬಿಡು.

ಇಲ್ಲಿ ಎಲ್ಲ ಕ್ಷೇಮ. ಕೃಷ್ಣೆಯ ನೀರು ಇಳಿದಿದೆ. ಗಣಪತಿಗೂ ನೀನು ಬರಲಿಲ್ಲವೆಂದು ಅಜ್ಜಿ ಈ ಸಲ ಮೋದಕ ಮಾಡಿದ್ದು ಹೆಸರಿಗಷ್ಟೇ. ದಿನಕ್ಕೊಮ್ಮೆ ನನಗೆ ಕೇಳಿಸುವಂತೆ ಅನ್ನುತ್ತಾರೆ, "ಕೂಸಿನ ರಕ್ತಾ ತಗಸಿ ಕೂಸಿನ ತಲಿಗೇ ಚುಚ್ಚಿಸಿದಿ. ಈಗ ಕೂಸ ಎಲ್ಲದ?"

ಕೂದಲು ಉದುರುವುದಕ್ಕೆ ಚಿಕಿತ್ಸೆಯೆಂದು ಮೂರು ಸಿಟ್ಟಿಂಗಿಗೆ, ಮೂರು ಸಲ, ನಿನ್ನನ್ನು ಮಿರಜದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನಿನ್ನ ರಕ್ತ ಯಂತ್ರದಲ್ಲಿ ಗಿರಗಿರ ತಿರುಗಿ, ಮೇಲೆ ನಿಂತ ತಿಳಿಹಳದಿ ಪ್ಲಾಸ್ಮಾವನ್ನು ಅವರು ಸಿರಿಂಜಿಗೆ ಎಳೆದುಕೊಳ್ಳುವಾಗ ನೀನು ಕುತೂಹಲದಿಂದ ನೋಡುತ್ತಿದ್ದೆ. ಬೈತಲೆಯ ಉದ್ದಕ್ಕೂ ಸೂಜಿ ಇಳಿಯುವಾಗ ಮಾತ್ರ ನನ್ನ ಹೆಬ್ಬೆರಳು ಹಿಂಡುತ್ತಿದ್ದೆ. ಫಲ ಎಲ್ಲರಿಗೂ ಒಂದೇ ಥರ ಇರುವುದಿಲ್ಲ, ತಿಂಗಳುಗಟ್ಟಲೆ ಕಾಯಬೇಕು ಎಂದು ಡಾಕ್ಟರ್ ಹೇಳಿಯೇ ಇದ್ದರು. ತಾಳ್ಮೆ ಇಲ್ಲದವಳು ನಾನು. ಮೂರನೆಯ ಸಲ ನಿನ್ನ ನೆತ್ತಿಯ ಹಳೆಯ, ಹೊಸ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೈತಲೆ ಅಷ್ಟೇ ಅಗಲವಿತ್ತು. ರಿಕ್ಷಾ ಹತ್ತಿದ್ದೇ ಶುರು ಮಾಡಿದೆ: "ನೆಟ್ಟಗ ಉಣ್ಣಂಗಿಲ್ಲ, ಎಣ್ಣಿ ಹಚ್ಚಂಗಿಲ್ಲ, ಯಾವಾಗ ನೋಡಿದ್ರೂ ಮೊಬೈಲ. ಔಷಧರೆ ಏನ ಮಾಡೀತು?" ಮನೆಗೆ ಬಂದು ಬ್ಯಾಗು ತುಂಬುತ್ತ ನೀನು ಅಂದದ್ದು ಒಂದೇ ಮಾತು: "ಆತು ಆಯಿ, ನಂದ ತಪ್ಪು."

ಜಗಳವಾಡಿದ್ದರೆ ಚೆನ್ನಾಗಿತ್ತು, ಸುಖದಾ. ನೀನು ಒಪ್ಪಿಕೊಂಡುಬಿಟ್ಟೆ. ಕ್ಲಾಸಿಗೂ ಸ್ಕಾರ್ಫ್ ಕಟ್ಟಿಕೊಂಡೇ ಹೋಗುತ್ತೀಯಂತೆ, ಮೊಳಕೆಕಾಳನ್ನು ಗುಳಿಗೆಯ ಹಾಗೆ ನುಂಗುತ್ತೀಯಂತೆ. ನಿನ್ನ ರೂಮ್‌ಮೇಟ್ ದಾನೇಶ್ವರಿ ಹೇಳಿದಳು, ಅವಳನ್ನು ಬೈಯಬೇಡ. ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ತಪ್ಪನ್ನು ನಿನ್ನ ತಟ್ಟೆಯಲ್ಲಿ ಹುಡುಕುವುದು ನನಗೆ ಯಾಕೆ ಅಷ್ಟು ಸುಲಭವಾಯಿತು?

ಹೊಟ್ಟೆ ತುಂಬ ಉಣ್ಣು ಎನ್ನಲೂ ಈಗ ಬಾಯಿ ಬರುವುದಿಲ್ಲ. ನಗುತ್ತಿರು, ಅಷ್ಟು ಸಾಕು. ಅಜ್ಜಿ ಆಶೀರ್ವಾದವೆಂದು ಅಕ್ಷತೆಯ ಪೊಟ್ಟಣ ಕಟ್ಟಿಕೊಟ್ಟಿದ್ದಾರೆ, ಒಳಗೆ ಇಟ್ಟಿದ್ದೇನೆ.

ನಿನ್ನ ಆಯಿ,
ಮೃಣ್ಮಯಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಮೊದಲ ದಿನ ನೀನು ರಕ್ತ ಕೊಡಲು ಒಳಗೆ ಹೋದಾಗ ಡಾಕ್ಟರ್ ನನ್ನನ್ನು ಕೇಳಿದರು, ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೇ ಎಂದು. ಇಲ್ಲ ಎಂದೆ. ಸುಳ್ಳು. ಮೂವತ್ತನಾಲ್ಕನೇ ವಯಸ್ಸಿನಿಂದ ನನಗೂ ಹೀಗೇ. ನೀನು ಏಳುವ ಮೊದಲೇ ನೆತ್ತಿಗೆ ಕಪ್ಪು ಪುಡಿ ತಿಕ್ಕಿ, ಚೌರಿ ಸೇರಿಸಿ ತುರುಬು ಕಟ್ಟಿಕೊಳ್ಳುತ್ತೇನೆ, ಅಜ್ಜಿಗೂ ಗೊತ್ತಿಲ್ಲ. ತವರಿನಲ್ಲಿ ನನ್ನ ಅವ್ವನಿಗೂ ಹೀಗೇ ಇತ್ತು. ಇದು ಊಟದಿಂದ ಬಂದದ್ದಲ್ಲ, ನಿನ್ನಿಂದ ಬಂದದ್ದಲ್ಲ. ಚಿಕಿತ್ಸೆ ಬೇಕೋ ಬೇಡವೋ ನೀನೇ ನೋಡಿಕೋ. ಆದರೆ ಅಲ್ಲಿ ಯಾವ ಡಾಕ್ಟರ್ ಕೇಳಿದರೂ, "ನಮ್ಮ ಆಯಿಗೂ ಅದ" ಅನ್ನು.