ಕಂಪ್ಯೂಟರಿನ ಎಮೆಟ್‌ಗೆ ಒಂದು ಗಾಯ

ಲೈಮಾ, ಒಹಾಯೊ
ಗುರುವಾರ

ಮಾನ್ಯ ಲಿಂಡ್‌ಕ್ವಿಸ್ಟ್ ಅವರಿಗೆ,

ನೀವು ಕಂಪ್ಯೂಟರಿನಲ್ಲಿ ನಡೆಸುವ ಬೇಸ್‌ಬಾಲ್ ಲೀಗಿನಲ್ಲಿ ಒಂದು ತಂಡ ಸಾಕಿಕೊಂಡಿರುವ ವೆಂಡೆಲ್ ಪ್ರೂಯಿಟ್ ಅವರ ಹೆಂಡತಿ ನಾನು. ಹೊಸ ಆಟಗಾರನಿಗೆ ಮನೆಮಕ್ಕಳ ಹೆಸರಿಡುವ ಪದ್ಧತಿ ನಿಮ್ಮಲ್ಲಿದೆಯಲ್ಲ, ಹಾಗೆ ಇವರು ಚೆಂಡೆಸೆಯುವ ಒಬ್ಬ ಎಳೆಯ ಪಿಚರ್‌ಗೆ ನಮ್ಮ ಮಗ ಎಮೆಟ್‌ನ ಹೆಸರಿಟ್ಟರು. ಅವತ್ತು ಕೇಕ್ ಮಾಡಿದವಳು ನಾನೇ.

ಈಗ ಪ್ರತಿ ಭಾನುವಾರ ನಿಮ್ಮ ಫಲಿತಾಂಶ ಬಂದೊಡನೆ, ಆ ಎಮೆಟ್ ಹೊಸದಾಗಿ ಕಲಿತ ಎಸೆತವನ್ನು ಈ ಎಮೆಟ್ ಹಿತ್ತಲಲ್ಲಿ ಕಲಿಯಬೇಕು. ಕಂಪ್ಯೂಟರಿನವನಿಗೆ ಹತ್ತೊಂಬತ್ತು, ನಮ್ಮವನಿಗೆ ಹದಿಮೂರು.

"ಅವನು ದಿನಾ ಎಸೀತಾನೆ, ನೀನು ದಿನಾ ನರಳ್ತೀಯ," ಅಂದರು ಇವರು.

"ಅವನಿಗೆ ನೋಯೋ ಕೈನೇ ಇಲ್ವಲ್ಲಪ್ಪಾ," ಅಂದ ಮಗ.

ಆ ಮಾತಿಗೆ ಇನ್ನೊಂದು ಬುಟ್ಟಿ ಚೆಂಡು ಎಸೆಯಬೇಕಾಯಿತು. ಈಗ ಊಟಕ್ಕೆ ಕೂತರೆ ಎಡಗೈಯಲ್ಲಿ ಚಮಚ ಹಿಡಿಯುತ್ತಾನೆ.

ಶಾಲೆಯ ಕೋಚ್ ಹೇಳಿದ್ದು ಗಾಳಿಗೆ, ನಾನು ಹೇಳಿದ್ದು ಗೋಡೆಗೆ. ನಿಮ್ಮ ಲೀಗ್ ಹೇಳಿದ್ದಷ್ಟೇ ಇವರ ತಲೆಗೆ. ಆದ್ದರಿಂದ ಒಂದು ಉಪಕಾರ ಮಾಡಿ. ಈ ಭಾನುವಾರ ಕಂಪ್ಯೂಟರಿನ ಎಮೆಟ್‌ಗೆ ಏನಾದರೂ ಗಾಯ ಮಾಡಿಸಿ, ಇಡೀ ಸೀಸನ್ ಕೂರಿಸಿ. ಬೆನ್ನು ಹಿಡಿಸಿ, ಪಾದ ಉಳುಕಿಸಿ, ನನ್ನ ಅಭ್ಯಂತರವಿಲ್ಲ.

ಮೊಣಕೈ ಮಾತ್ರ ಮುಟ್ಟಬೇಡಿ. ನಿಮ್ಮ ಲೀಗಿನಲ್ಲಿ ಮೊಣಕೈ ಆಪರೇಷನ್ ಆದವರು ಮೊದಲಿಗಿಂತ ಜೋರಾಗಿ ಎಸೆಯುತ್ತಾರಂತೆ. ನಿನ್ನೆ ಇವರು ಯಾರೋ ಸರ್ಜನ್‌ಗೆ ಫೋನ್ ಮಾಡಿ, ಹದಿಮೂರರ ಹುಡುಗನಿಗೂ ಮಾಡ್ತೀರಾ ಎಂದು ಕೇಳುತ್ತಿದ್ದರು.

ಉತ್ತರ ಬರೆಯಬೇಡಿ, ಮನೆಗೆ ಬಂದ ಅಂಚೆಯನ್ನೆಲ್ಲ ಇವರೇ ಒಡೆಯುತ್ತಾರೆ. ಭಾನುವಾರ ನನಗೆ ತಿಳಿಯುತ್ತದೆ.

ಇಂತಿ,
ಡೊರೀನ್ ಪ್ರೂಯಿಟ್