ಮಡಚಿಯ ಹೊಟ್ಟಿಗೆ ವಿಭೂತಿ ಹಚ್ಚಬ್ಯಾಡ್ರಿ

…ಮತ್ತ ಆರಿತ್ರೀ ಈ ಲ್ಯಾಪ್‌ಟಾಪು! ಮುಂಜಾನಿಯಿಂದ ಇದು ನಾಲ್ಕನೇ ಸಲ. ಬರೋಬ್ಬರಿ ಇಪ್ಪತ್ತೆರಡು ನಿಮಿಷ ನಡೀತೈತಿ, ಆಮ್ಯಾಲೆ ರೊಟ್ಟಿ ಹಂಚಿನಂಗ ಕಾಯ್ತೈತಿ, ಗೆರಿ ಎಳೆಯೋದು ಬಸವನಹುಳದಂಗ ಆಗ್ತೈತಿ, ಪರದೆ ಕಪ್ಪಾಗಿ ಕೂಡತೈತಿ. ನನಗ ಬೇಕಾಗಿದ್ದು ನಲವತ್ತ ನಿಮಿಷ ಅಷ್ಟ. ಹಿಂಗ ತೊಡಿ ಮ್ಯಾಲೆ ಇಟ್ಕೊಂಡು ಕುಂತ್ರ ತೊಡಿ ಸುಡತೈತಿ, ನೆಲಕ್ಕ ಇಟ್ರ ನೆಲಾನ ಅಲ್ಲಾಡತೈತಿ…

ತಡೀರಿ. ನಾ ಯಾರಂತ ಹೇಳೋದ ಮರತೆ.

ನಾನು ನೀಲಗಂಗಾ. ಸುವರ್ಣಾ ಅವರೇ, ನಾ ನಿಮ್ಮ ಮಗಳ ಮೊಮ್ಮಗಳ ಮಗಳು. ಇಲ್ಲಿ ಇವತ್ತ ಎರಡ ಸಾವಿರದ ನೂರಾ ಇಪ್ಪತ್ತಾರನೇ ಇಸ್ವಿ, ಮಾರ್ಚ್ ಮೂವತ್ತೆಂಟು. ನಗಬ್ಯಾಡ್ರಿ, ಬ್ಯಾಸಗಿ ಉದ್ದ ಆತು ಅಂತ ನಮ್ಮವರು ಆ ತಿಂಗಳಿಗೂ ಹತ್ತ ದಿನ ಕೂಡಸ್ಯಾರ. ನನ್ನ ಮಾತಿನಾಗ ನಿಮಗ ತಿಳೀಲಾರದ್ದು ಏನಾರ ಬಂದ್ರ ಕ್ಷಮಾ ಮಾಡ್ರಿ. ನಿಮ್ಮನ್ನ ಏನಂತ ಕರೀಲಿ ಅನ್ನೋದೂ ಗೊತ್ತಾಗವಲ್ದು. ಆಯೀ ಅಂದ್ರ ನಿಮಗ ಸಿಟ್ಟ ಬರಬಹುದು, ನಿಮಗಿನ್ನೂ ಇಪ್ಪತ್ತೆಂಟು ವರ್ಷ. ಅಂದ್ರೂ ಆಯೀ ಅಂತೀನಿ.

ನಾ ಇರೋದು ತೇಲೂರಾಗ. ಕಡಲ ಮ್ಯಾಲೆ ದೊಡ್ಡ ದೊಡ್ಡ ಹಲಗಿ ಕಟ್ಟಿ, ಅದರ ಮ್ಯಾಲೆ ಕೂಡಿಸಿದ ಊರು. ಇಳಕಲ್ಲಿನಿಂದ ಇಲ್ಲಿಗೆ ಬಂದು ಹದಿನಾಲ್ಕ ತಿಂಗಳಾತು. ಬಂದವರಿಗೆಲ್ಲಾ ಮೊದಲ ಕೊಡೋ ಕೆಲಸ ಅಂದ್ರ ಹಲಗಿ ತಳಕ್ಕ ಹತ್ತಿದ ಚಿಪ್ಪು ಕೆರೆಯೋದು. ಉಪ್ಪನೀರಾಗ ನಿಂತು ನಿಂತು ಬೆರಳಿನ ಚರ್ಮ ಸುಲದು ಹೋಗೇತಿ. ಇಲ್ಲಿ ಓಣಿ ಮ್ಯಾಲೆಲ್ಲಾ ನೆರಳುಬಟ್ಟಿ ಹಾಸ್ಯಾರ, ಬಿಸಲು ಕೆಳಗ ಬೀಳಬಾರದಂತ. ಆ ಬಟ್ಟಿ ನೇಯೋ ಮಗ್ಗದ ಕೂಟದಾಗ ನನಗೊಂದು ಮಗ್ಗ ಸಿಕ್ರ ಚಿಪ್ಪು ಕೆರೆಯೋದು ತಪ್ಪತೈತಿ, ಚರ್ಮಾನೂ ಉಳೀತೈತಿ. ಕೂಟದವರು ಕೇಳೋದು ಒಂದ: ಮನಿತನದ ನಕ್ಷಿ. ಕಾಗದದಾಗಲ್ಲ, ಅವರ ಮುಂದ ಅದು ಗೆರಿ ಗೆರಿಯಾಗಿ ಮೂಡಬೇಕು, ಮೊದಲಿನಿಂದ ಕಡೀತನಾ, ನಡುವ ನಿಲ್ಲದಂಗ, ನಲವತ್ತ ನಿಮಿಷ. ನಾಳೆ ಮುಂಜಾನೆ ಹತ್ತಕ್ಕ ನನ್ನ ಪಾಳಿ. ತಪ್ಪಿದ್ರ ಮತ್ತ ಮೂರ ವರ್ಷ ಕೆರೆಯೋದ.

ನಮ್ಮ ಮನಿತನದ ನಕ್ಷಿ ನೀವು ಬರದ ಇಳಕಲ್ ಸೀರಿಯ ತೋಪ ತೆನಿ ಸೆರಗು. ಅದು ಇರೋದು ನಿಮ್ಮ ಲ್ಯಾಪ್‌ಟಾಪಿನಾಗ ಮಾತ್ರ. ನಾವು ಅದಕ್ಕ ಮಡಚಿ ಅಂತೀವಿ. ಬ್ಯಾರೆ ಯಾವ ಯಂತ್ರಕ್ಕೂ ಆ ಫೈಲು ಓದಾಕ ಬರೂದಿಲ್ಲ. ನೂರ ವರ್ಷ ಆದ್ರೂ ಬ್ಯಾಟರಿ ಬದಲಿಸಿ ಬದಲಿಸಿ ಉಳಿಸಿಕೊಂಡು ಬಂದೀವಿ.

ಎಲ್ಲಾ ಮಾಡಿ ನೋಡೀನಿ. ತಳಕ್ಕ ನಾಲ್ಕು ಚಿಪ್ಪಿಟ್ಟು ಎತ್ತರ ಮಾಡಿದೆ, ಗಾಳಿ ಹೋಗಲಿ ಅಂತ. ನಕ್ಷಿ ಬಿಟ್ಟು ಉಳಿದ ಎಲ್ಲಾ ಪ್ರೋಗ್ರಾಂ ಮುಚ್ಚಿದೆ. ಪರದೆ ಬೆಳಕು ಕಮ್ಮಿ ಮಾಡಿದೆ. ಎರಡ ನಿಮಿಷ ಹೆಚ್ಚಿಗಿ ನಡೀತು, ಅಷ್ಟ. ಕಡೀಕ ದೀಪ ರಿಪೇರಿ ಮಾಡೋ ಇಮಾಮಸಾಬ ಕಾಕಾನ ಕಡೆ ಒಯ್ದೆ. ಅವ ಕಿವಿ ಹಚ್ಚಿ ಕೇಳಿ, "ಏ ತಂಗಿ, ಇದು ಸೋಮಾರಿ ಅಲ್ಲ ಬಿಡು. ಕಾವು ಹೊರಗ ಹೋಗಾಕ ದಾರಿ ಇಲ್ಲ, ಅದಕ್ಕ ಜೀವ ಉಳಸಗೊಳ್ಳಾಕ ತಾನ ನಿಧಾನ ಆಗೈತಿ. ಹೊಟ್ಟಿ ಬಿಚ್ಚಬೇಕು" ಅಂದ.

ಹೊಟ್ಟಿ ಬಿಚ್ಚೋದಂದ್ರ ನಮ್ಮ ಮನ್ಯಾಗ ಆಗದ ಮಾತು. ಪ್ರತಿ ಆಯುಧ ಪೂಜೆಗೆ ಮಡಚೀನ ಬೋರಲ ಹಾಕಿ, ತಳಕ್ಕ ಮೂರ ಬಟ್ಟು ವಿಭೂತಿ ಎಳೀಬೇಕು, ಹಳೇದನ್ನ ಒರಸಬಾರದು. ನಮ್ಮವ್ವಗ ಆಕಿ ಅವ್ವ ಹೇಳಿದ್ದು, ಆಕೀಗ ಆಕಿ ಅವ್ವ. ಯಾಕ ತಳಕ್ಕ ಅಂದ್ರ ಯಾರಿಗೂ ಗೊತ್ತಿಲ್ಲ. ನಿಮ್ಮ ಮಗಳ ಹಳೇ ವಹಿಯೊಳಗ ನನಗ ಸಿಕ್ತು ನೋಡ್ರಿ: ಹೊಸಾ ಮುಚ್ಚಳದ ಹೊಳಪು ಕೆಡತೈತಿ ಅಂತ ನೀವು ಮೊದಲನೇ ವರ್ಷ ತಿರುವಿ ಹಾಕಿ ಹಚ್ಚೀರಿ! ಅಷ್ಟ! ಅದನ್ನ ನೂರ ವರ್ಷ ಶಾಸ್ತ್ರ ಮಾಡೀವಿ. ಗಾಳಿ ಒಳಗ ಹೋಗೋ ತೂತೆಲ್ಲಾ ಇರೋದು ಅಲ್ಲೇ ಆಯೀ.

ಕಾಕಾ ಬಿಚ್ಚಿದ. ಒಳಗ ಫ್ಯಾನ್ ಕಾಣಲಿಲ್ಲ, ಬೂದಿ ಗುಡ್ಡಿ ಕಾಣತಿತ್ತು. ಬ್ರಶ್ಶಿಲೆ ಜಾಡಿಸಿ, ಪ್ರೊಸೆಸರ್ ಮ್ಯಾಲಿನ, ಕಾವು ಎಳೆಯೋ ಪೇಸ್ಟ್ ಒಣಗಿದ್ದನ್ನ ಕೆರದು, ದೀಪಕ್ಕ ಹಚ್ಚೋ ಬಿಳೀ ಪೇಸ್ಟ್ ಕಾಳಿನಷ್ಟ ಹಚ್ಚಿದ. ಹದಿನೈದ ನಿಮಿಷಕ್ಕ ಆರತಿದ್ದದ್ದು ಇಪ್ಪತ್ತೆರಡಕ್ಕ ಬಂತು. ಆದ್ರ ಬೂದಿ ತಿಂದು ತಿಂದು ಫ್ಯಾನಿನ ಅಚ್ಚು ಸವದೈತಿ, ಓಲಾಡಕೋತ ತಿರಗತೈತಿ. ಅಂಥಾ ಫ್ಯಾನು ಈಗ ಎಲ್ಲೂ ಇಲ್ಲ. ಅವ್ವಗ ಹೇಳಿದ್ರ, "ಐದ ಮಂದಿ ಹೆಣ್ಮಕ್ಕಳು ಹಚ್ಚಿದ್ದನ್ನ ಕೆರದಿ? ಹಂಗಾರ ನಮ್ಮನ್ನೂ ಕೆರದು ಒಗಿ" ಅಂತ ಫೋನ್ ಇಟ್ಲು. ಮೂರ ದಿನ ಆತು, ಎತ್ತವಲ್ಲಳು. ಬೂದಿ ಒಗದಿಲ್ಲ ಆಯೀ, ಚಟ್ನಿ ಡಬ್ಬ್ಯಾಗ ಇಟ್ಟೀನಿ. ಅದನ್ನ ಹೇಳೋದರೊಳಗ ಫೋನ್ ಇಟ್ಟಿದ್ಲು.

ಅದಕ್ಕ ಈ ಹಿಂದೋಲೆ. ಹಿಂದಿನವರಿಗೆ ದನಿ ಕಳಸೋ ಪದ್ಧತಿ ಇದು. ಜೀವಮಾನಕ್ಕ ಒಂದ ಸಲ, ಸ್ವಂತ ಮಂದೀಗ ಮಾತ್ರ. ನಮ್ಮ ಓಣ್ಯಾಗಿನವರು ಇದನ್ನ ಸತ್ತವರ ಜೋಡಿ ಮಾತಾಡಾಕ ಇಟ್ಟುಕೊಂಡಿರತಾರ, ನಾ ಫ್ಯಾನಿನ ಸಲುವಾಗಿ ಕಳಿಯಾಕತ್ತೀನಿ. ಹುಚ್ಚಿ ಅಂತಾರ. ಅನ್ಲಿ.

ನಿಮ್ಮಲ್ಲಿ ನಾಳೆ ಮೊದಲನೇ ಆಯುಧ ಪೂಜೆ. ಪೂಜೆ ಬಿಡ್ರಿ ಅನ್ನೂದಿಲ್ಲ. ವಿಭೂತಿ ಹಚ್ರಿ, ಕುಂಕುಮ ಹಚ್ರಿ, ಹೂ ಏರಸ್ರಿ. ಬೋರಲ ಮಾತ್ರ ಹಾಕಬ್ಯಾಡ್ರಿ. ಮುಚ್ಚಳದ ಮ್ಯಾಲೇ ಹಚ್ರಿ, ಹೊಳಪು ಹೋದ್ರ ಹೋಗ್ಲಿ. ನಿಮ್ಮ ಮಗಳೂ ನೋಡಿ ಹಂಗ ಮಾಡ್ತಾಳ, ಆಕಿ ಮಗಳೂ. ಹಂಗಾದ್ರ ನನಗ ಮತ್ತ ಚಿಪ್ಪು ಕೆರೆಯೋ ಪಾಳಿ ಬರೂದಿಲ್ಲ, ನಮ್ಮವ್ವಗ ಸಿಟ್ಟಾಗಾಕ ಕಾರಣಾನೂ ಇರೂದಿಲ್ಲ.

ಇಮಾಮಸಾಬ ಕಾಕಾ ಕೂಗಾಕತ್ಯಾನ, ಹೋಗಬೇಕು. ಹಚ್ಚಿದ ಕೂಡ್ಲೆ ಈ ನಂಬರಿಗೆ ತಿರುಗಿ ಒಂದ ರಿಂಗ್ ಕೊಡ್ರಿ, ಹಿಂದೋಲೆಯೊಳಗ ನಿಮ್ಮ ಗಡಿಯಾರ ನನ್ನ ಗಡಿಯಾರ ಎರಡೂ ಒಂದ ಸಮ ನಡೀತಾವ. ನಾಳೆ ಹತ್ತಕ್ಕ ನಾ ಕೂಟದ ಮುಂದ ಮಡಚೀನ ಚಾಲೂ ಮಾಡಬೇಕು. ಅದಕ್ಕ ಮುಂಜಾನೆ ಒಂಬತ್ತೂವರೀಗ ಪೂಜೆ ಮಾಡ್ರಿ, ಆಯೀ. ಒಂಬತ್ತೂವರೀಗ.